ಶಾಲೆಯ ಶಿಸ್ತೂ ಶಿಷ್ಯವಾತ್ಸಲ್ಯವೂ



ಬೆತ್ತವಿಲ್ಲದೆ ಶಾಲೆ ನಡೆಯದೆನ್ನುವವರು ಹಳೆಯ ಗಾಂವಠಿ ಶಾಲೆಗಳನ್ನು ಸಾಕ್ಷಿಗೆ ಕರೆಯುವುದುಂಟು. ಆ ಸಾಕ್ಷಿಯನ್ನು ಪೂರ್ತಿಯಾಗಿ ಕೇಳುವುದು ಲೇಸು.

ಬಳ್ಳಾರಿಯ ಕಲೆಕ್ಟರನಾಗಿದ್ದ ಕ್ಯಾಂಬೆಲ್ಲನು 1823ನೆಯ ಇಸವಿಯಲ್ಲಿ ತನ್ನ ಜಿಲ್ಲೆಯ 533 ಶಾಲೆಗಳ ವೃತ್ತಾಂತವನ್ನು ಸರಕಾರಕ್ಕೆ ಬರೆದು ಕಳುಹಿದನು. ಅಲ್ಲಿ ಬೆಳಿಗ್ಗೆ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆಯೇ ಮುಂದಕ್ಕೆ. ಲೆಕ್ಕವೇನೋ ಚೊಕ್ಕಟವಾದುದೇ! ಆದರೆ ಕಟ್ಟಕಡೆಗೆ ಬರತಕ್ಕ ಬಾಲಕನು ಏಟುಗಳನ್ನೆಣಿಸಿ ಮನೆಯಲ್ಲಿಯೇ ಉಳಿದರೆ ಆಶ್ಚರ್ಯವೇನು? ಜೋಳದ ರಾಶಿಯ ಕಾಲದಲ್ಲಿ ತಂದೆಗೆ ಬುತ್ತಿಯನ್ನೊಯ್ದು ತಡವಾದವನನ್ನೂ ಹಾದಿಯಲ್ಲಿ ಆಡುತ್ತ ನಿಂತವನನ್ನೂ ಬೆತ್ತವು ಬೇರೆಮಾಡಿ ನೋಡಲಾರದು. ಗುರುವು ಬಾಯಿಬಿಟ್ಟು ಕೇಳಿದರೆ ತಿಳಿದೀತು.

ಅವೇ ಶಾಲೆಗಳಲ್ಲಿ ಕಿರಿಯರ ತರಗತಿಗಳನ್ನು ಹಿರಿಯ ವಿದ್ಯಾರ್ಥಿಗಳು ನಡೆಸುತ್ತಿದ್ದರು. ಗುರುವು ಎಲ್ಲರ ಮೇಲೂ ಕಣ್ಣಿಟ್ಟಿರುತ್ತಿದ್ದನು. ಈ ಪದ್ಧತಿಯು ಇಂಗ್ಲಂಡಿನಲ್ಲಿಯೂ ಅನುಕರಿಸಲ್ಪಟ್ಟಿತೆಂದು ಕ್ಯಾಂಬೆಲ್ಲನೇ ಮೆಚ್ಚಿ ಬರೆದಿದ್ದಾನೆ. ಕಲಿಸುವ ಹೊಣೆ ಹೊತ್ತ ಹುಡುಗನಿಗೆ ಗದ್ದಲಕ್ಕೆ ಹೊತ್ತೆಲ್ಲಿ?

2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಹೊಡೆತವನ್ನಲ್ಲದೆ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಬೆತ್ತವನ್ನು ಕೆಳಗಿಟ್ಟು ಬಯ್ಗುಳವನ್ನೆತ್ತಿಕೊಂಡ ಶಿಕ್ಷಕನು ಕಲಮಿನ ಅರ್ಧವನ್ನು ಮಾತ್ರ ಓದಿದವನು. ತಡವಾಗಿ ಬಂದವನನ್ನು ಬಳಿಗೆ ಕರೆದು, ಕಾರಣವನ್ನು ಕೇಳಿ, ಕಿರಿಯನೊಬ್ಬನಿಗೆ ಮಗ್ಗಿ ಹೇಳಿಕೊಡುವ ಕೆಲಸವನ್ನು ಅವನಿಗೊಪ್ಪಿಸಿ ನೋಡಿರಿ. ಮರುದಿನ ಆ ಕಿರಿಯನು ಅವನ ಹಾದಿ ಕಾಯುತ್ತಿರುವನು.