ಕಿಟಕಿ ಒಡೆದ ಹುಳುಮನೆಗೆ ಹಲಗೆಯ ಕಾವಲು



“ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು” ಎಂಬ ಗಾದೆಯನ್ನು ನೀವೆಲ್ಲ ಕೇಳಿದ್ದೀರಿ. ಸಾವನದುರ್ಗದ ತಪ್ಪಲಿನಲ್ಲಿ ಬೇಸಾಯ ಮಾಡುವ ನಮಗೆ ಇದು ಬರಿಯ ಗಾದೆಯಲ್ಲ, ಕಣ್ಣೆದುರಿಗಿರುವ ಚರಿತ್ರೆ. ಕರಿಗುಡ್ಡ, ಬಿಳಿಗುಡ್ಡವೆಂಬ ಎರಡು ಬಂಡೆಗಳ ಈ ದುರ್ಗ 1226 ಮೀಟರು ಎತ್ತರದ್ದು. ಯಾರೂ ಹತ್ತಲಾರದ ಕೋಟೆಯೆಂದು ಹೆಸರಾಗಿತ್ತು. ಆದರೆ 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಫಿರಂಗಿ ಹೊಡೆದು ಕೋಟೆಯ ಗೋಡೆಯಲ್ಲಿ ಒಂದು ಕಂಡಿ ಬೀಳಿಸಿತು. ಆ ತಿಂಗಳ 21ರಂದು ಅದೇ ಕಂಡಿಯಿಂದ ಒಳನುಗ್ಗಿ ಟಿಪ್ಪು ಸುಲ್ತಾನನ ಕೈಯಿಂದ ದುರ್ಗವನ್ನು ಕಸಿದುಕೊಂಡಿತು. ಬಂಡೆ ಎಷ್ಟು ದೊಡ್ಡದಾದರೇನು? ಕೋಟೆ ಹೋದದ್ದು ಒಂದು ಕಂಡಿಯಿಂದ.

ನಮ್ಮ ರೇಷ್ಮೆ ಹುಳುಮನೆಯೂ ಒಂದು ಪುಟ್ಟ ಕೋಟೆಯೇ. ಈಗ ಹಲವರು ಅದನ್ನು ಊರಿನಿಂದಾಚೆ, ಹಿಪ್ಪುನೇರಳೆ ತೋಟದ ಪಕ್ಕದಲ್ಲೇ ಕಟ್ಟಿಕೊಂಡಿದ್ದಾರೆ. ಸೊಪ್ಪು ಹೊರುವ ಕಷ್ಟ ತಪ್ಪುತ್ತದೆ, ಹುಳುವಿಗೂ ಒಳ್ಳೆಯದು. ಆದರೆ ಒಂಟಿಮನೆ. ಯಾವುದೋ ರಾತ್ರಿ ಕಿಡಿಗೇಡಿಗಳು ಬಂದು ಕಿಟಕಿಗೆ ಕಲ್ಲು ಹೊಡೆಯುತ್ತಾರೆ, ನೊಣದ ಪರದೆಯನ್ನು ಹರಿಯುತ್ತಾರೆ, ಬಾಗಿಲು ಒದ್ದು ಮುರಿಯುತ್ತಾರೆ. ಹಳೆಯ ದ್ವೇಷವೋ, ಕುಡಿತದ ಅಮಲೋ, ಬರಿಯ ಪುಂಡಾಟವೋ, ಕಾರಣ ಯಾವುದಾದರೂ ಇರಲಿ. ಬೆಳಗಾಗೆದ್ದು ನೋಡಿದ ಯಜಮಾನರಿಗೆ ಎದೆ ಒಡೆದಂತಾಗುತ್ತದೆ. ಕೋಪದಲ್ಲಿ ಅರ್ಧ ದಿನ ಹೋಗುತ್ತದೆ. ಪಂಚಾಯಿತಿ ಮಾತಿನಲ್ಲಿ ಇನ್ನರ್ಧ ದಿನ ಹೋಗುತ್ತದೆ. ಕಂಡಿ ಮಾತ್ರ ಹಾಗೇ ಬಾಯಿ ತೆರೆದುಕೊಂಡಿರುತ್ತದೆ.

ಕಿಡಿಗೇಡಿ ಒಡೆದದ್ದು ನಾಲ್ಕು ಗಾಜು. ನಿಮ್ಮ ಬೆಳೆ ಹೋಗುವುದು ಆ ಕಂಡಿಯಿಂದ. ಆದ್ದರಿಂದ ಮೊದಲು ಮುಚ್ಚಿ, ಆಮೇಲೆ ರಿಪೇರಿ ಮಾಡಿ. ಈ ತಾತ್ಕಾಲಿಕ ಮುಚ್ಚುವಿಕೆಯನ್ನು ಹೇಗೆ ಮಾಡಬೇಕೆಂಬುದೇ ಈ ದಿನದ ನನ್ನ ವಿಷಯ.

ಇಷ್ಟು ಅವಸರ ಏಕೆಂದು ಕೇಳುತ್ತೀರಾ? ಹುಳು ನಾಲ್ಕನೆಯ ಜ್ವರದಿಂದ ಎದ್ದಿದೆ ಎನ್ನಿ. ಮುಂದಿನ ಏಳೆಂಟು ದಿನದಲ್ಲಿ ಅದು ತನ್ನ ಜೀವಮಾನದ ಸೊಪ್ಪಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲನ್ನು ತಿನ್ನುತ್ತದೆ. ನಿಮ್ಮ ತೋಟದ ಸೊಪ್ಪು, ಗೊಬ್ಬರ, ಆಳುಕಾಳು ಎಲ್ಲವೂ ಆಗ ತಟ್ಟೆಯ ಮೇಲೆ ಕೂತಿರುತ್ತದೆ. ತೆರೆದ ಕಿಟಕಿಯಿಂದ ರಾತ್ರಿ ಇಲಿ, ಹಲ್ಲಿ, ಬೆಕ್ಕು ಬರುತ್ತವೆ. ಹಗಲಾದರೆ ಊಜಿ ನೊಣ ಬರುತ್ತದೆ. 1980ರಲ್ಲಿ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಕಾಲಿಟ್ಟ ಈ ನೊಣ ಮನೆನೊಣಕ್ಕಿಂತ ದೊಡ್ಡದು. ಹುಳುವಿನ ಮೈಮೇಲೆ ಸಾಸುವೆಗಿಂತ ಸಣ್ಣ ಬಿಳಿ ಮೊಟ್ಟೆ ಇಡುತ್ತದೆ. ಎರಡು ಮೂರು ದಿನದಲ್ಲಿ ಮೊಟ್ಟೆಯಿಂದ ಮರಿ ಹೊರಟು ಹುಳುವಿನ ಮೈಯನ್ನು ಕೊರೆದು ಒಳಗೆ ಸೇರುತ್ತದೆ. ಕೊರೆದ ಕಡೆ ಕಪ್ಪು ಕಲೆ ಕಾಣುತ್ತದೆ. ಹುಳು ಗೂಡು ಕಟ್ಟುವ ಮೊದಲೇ ಸಾಯುತ್ತದೆ. ಕಟ್ಟಿದರೂ ಊಜಿಯ ಮರಿ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ತೂತು ಬಿದ್ದ ಗೂಡಿನಿಂದ ನೂಲು ಬಿಚ್ಚಲು ಬರುವುದಿಲ್ಲ. ಅಂಥ ಗೂಡನ್ನು ರಾಮನಗರದ ಮಾರುಕಟ್ಟೆಗೆ ಒಯ್ದರೆ ಏನು ಬೆಲೆ ಸಿಕ್ಕೀತು, ನೀವೇ ಹೇಳಿ.

ಇನ್ನು ಕೆಲಸದ ಕ್ರಮಕ್ಕೆ ಬರೋಣ.

ಮೊದಲನೆಯದು, ನಿಮ್ಮ ಜೀವ. ಕತ್ತಲಲ್ಲಿ ಒಬ್ಬರೇ ಒಳಗೆ ನುಗ್ಗಬೇಡಿ. ಕಿಡಿಗೇಡಿಗಳು ಇನ್ನೂ ಅಲ್ಲೇ ಇದ್ದಾರೆಂಬ ಅನುಮಾನವಿದ್ದರೆ ದೂರ ನಿಂತು 112ಕ್ಕೆ ಫೋನು ಮಾಡಿ. ತಂತಿ ಹರಿದು ಜೋತಾಡುತ್ತಿದ್ದರೆ ಅದರ ಹತ್ತಿರ ಹೋಗಬೇಡಿ. ಮಕ್ಕಳನ್ನೂ ದನಗಳನ್ನೂ ದೂರವಿಟ್ಟು ಬೆಸ್ಕಾಂನ 1912ಕ್ಕೆ ತಿಳಿಸಿ.

ಎರಡನೆಯದು, ಸಾಕ್ಷಿ. ಕಸ ಗುಡಿಸುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಹೊರಗಿನಿಂದ ಪೂರ್ತಿ ಮನೆ, ಆಮೇಲೆ ಒಂದೊಂದು ಕಿಟಕಿ, ಒಳಗೆ ಬಿದ್ದ ಕಲ್ಲು, ಹಾಳಾದ ತಟ್ಟೆ. ಕಲ್ಲು, ಸಲಾಕಿಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ. ಇನ್ನೊಬ್ಬರ ಸ್ವತ್ತನ್ನು ಬೇಕೆಂದೇ ಹಾಳು ಮಾಡುವುದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 324ನೆಯ ಕಲಮಿನ ಪ್ರಕಾರ ಅಪರಾಧ. ಪೊಲೀಸ್ ಠಾಣೆಗೆ ದೂರನ್ನು ಬರೆದು ಕೊಡಿ. ಪ್ರಥಮ ವರ್ತಮಾನ ವರದಿ ದಾಖಲಾದರೆ ಅದರ ಒಂದು ಪ್ರತಿಯನ್ನು ನಿಮಗೆ ಬಿಟ್ಟಿಯಾಗಿ ಕೊಡಬೇಕೆಂದು ಕಾನೂನು ಇದೆ. ಮನೆಗೆ ವಿಮೆ ಇದ್ದರೆ ಅವರಿಗೂ ಅದೇ ದಿನ ತಿಳಿಸಿ. ಮೊಳೆ ತಂದ ಚೀಟಿಯನ್ನೂ ಎಸೆಯಬೇಡಿ.

ಇಲ್ಲೊಬ್ಬ ರೈತರು ಕೇಳಬಹುದು: “ಅಲ್ಲಾ ಸ್ವಾಮಿ, ಪೊಲೀಸಿನೋರು ಬಂದು ಮಹಜರು ಮಾಡೋವರ್ಗೂ ಕಾದ್ರೆ ಹುಳ ಕಾಯ್ತದಾ?” ನ್ಯಾಯವಾದ ಮಾತು. ಹುಳು ಕಾಯುವುದಿಲ್ಲ. ಅವರು ಬರುವುದು ತಡವೆಂದು ಕಂಡರೆ ಠಾಣೆಗೆ ಫೋನು ಮಾಡಿ, “ಬೆಳೆ ಉಳಿಸಿಕೊಳ್ಳಲು ಕಿಟಕಿ ಮುಚ್ಚುತ್ತಿದ್ದೇವೆ, ಫೋಟೋ ತೆಗೆದಿದ್ದೇವೆ” ಎಂದು ಹೇಳಿ. ಹೇಳಿದ ಹೊತ್ತನ್ನು ಬರೆದಿಟ್ಟುಕೊಳ್ಳಿ. ನೆರೆಯವರಿಬ್ಬರನ್ನು ಕರೆದು ತೋರಿಸಿ, ಕೆಲಸ ಶುರುಮಾಡಿ.

ಮೂರನೆಯದು, ಗಾಜು. ತಾಯಂದಿರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು. ಒಡೆದ ಕಿಟಕಿಯ ಪಕ್ಕದ ತಟ್ಟೆಗಳಲ್ಲಿ ಸೊಪ್ಪಿನ ನಡುವೆ ಗಾಜಿನ ಚೂರು ಸೇರಿರುತ್ತದೆ. ನಮ್ಮಲ್ಲಿ ಹುಳು ತಿಂದುಳಿದ ಸೊಪ್ಪು ಕಡ್ಡಿಯನ್ನು ದನಕ್ಕೆ ಹಾಕುವ ರೂಢಿಯಿದೆ. ಈ ತಟ್ಟೆಗಳ ಉಳಿಕೆಯನ್ನು ಮಾತ್ರ ದನಕ್ಕೆ ಹಾಕಲೇಬೇಡಿ, ತಿಪ್ಪೆಗೂ ಹಾಕಬೇಡಿ. ಬೇರೆ ಗುಂಡಿ ತೋಡಿ ಮುಚ್ಚಿ. ಹಸು ಮೊಳೆಯನ್ನೋ ತಂತಿಯ ತುಂಡನ್ನೋ ನುಂಗಿದರೆ ಅದು ಹೊಟ್ಟೆಯಿಂದ ಚುಚ್ಚಿಕೊಂಡು ಎದೆಗೂಡಿನವರೆಗೆ ಹೋಗಿ ಹಸು ಸಾಯುವುದುಂಟು. ಆದುದರಿಂದ ಬಡಗಿ ಕೆಲಸ ಮುಗಿದ ಮೇಲೆ ಬಿದ್ದ ಮೊಳೆಗಳನ್ನೂ ಎಣಿಸಿ ಆರಿಸಿ. ಒಂದು ಅಯಸ್ಕಾಂತವನ್ನು ನೆಲದ ಮೇಲೆ ಆಡಿಸಿದರೆ ಕೆಲಸ ಸುಲಭ.

ನಾಲ್ಕನೆಯದು, ಪರದೆ. ಹಲಗೆ ತರುವ ಮೊದಲೇ, ಹೊತ್ತು ಏರುವುದರೊಳಗೆ ಕಿಟಕಿಯ ಒಳಮಗ್ಗುಲಿಗೆ ನೈಲಾನ್ ಪರದೆ ಬಿಗಿಯಿರಿ. ಸುತ್ತಲೂ ತೆಳು ರೀಪು ಇಟ್ಟು ಹೊಡೆದರೆ ಸಂದು ಉಳಿಯುವುದಿಲ್ಲ. ಪರದೆ ಸಿಗದಿದ್ದರೆ ಹಳೆಯ ಸೊಳ್ಳೆಪರದೆ ಮಡಿಸಿ ಕಟ್ಟಿದರೂ ಆ ಹಗಲಿಗೆ ಸಾಕು.

ಐದನೆಯದು, ಹಲಗೆ. ಸಾಮಾನ್ಯವಾಗಿ ನಾವು ಕೈಗೆ ಸಿಕ್ಕಿದ ತಗಡನ್ನು ಕಿಟಕಿಯ ಚೌಕಟ್ಟಿಗೆ ಹೊರಗಿನಿಂದ ಮೊಳೆ ಹೊಡೆದು ಕೈತೊಳೆದುಕೊಳ್ಳುತ್ತೇವೆ. ಹೊರಗಿನಿಂದ ಹೊಡೆದ ಮೊಳೆಯನ್ನು ಹೊರಗಿನಿಂದಲೇ ಕೀಳಬಹುದು. ಚೌಕಟ್ಟೂ ಸೀಳುತ್ತದೆ. ಆಷಾಢದ ಗಾಳಿಗೆ ತಗಡು ಹಾರಿಹೋಗುತ್ತದೆ. ಅದಕ್ಕಿಂತ ಒಳ್ಳೆಯ ವಿಧಾನವೊಂದಿದೆ. ಹೊರಗೆ ಹಲಗೆ, ಒಳಗೆ ಅಡ್ಡಪಟ್ಟಿ, ಎರಡನ್ನೂ ಬಿಗಿಯುವ ಬೋಲ್ಟು.

ಕಿಟಕಿ 3 ಅಡಿ ಅಗಲ, 4 ಅಡಿ ಎತ್ತರ ಇದೆಯೆಂದು ಇಟ್ಟುಕೊಳ್ಳಿ. 12 ಮಿಲಿಮೀಟರು ದಪ್ಪದ ಪ್ಲೈವುಡ್ಡು 8 ಅಡಿಗೆ 4 ಅಡಿಯ ಹಾಳೆಯಾಗಿ ಸಿಗುತ್ತದೆ. ನಡುವೆ ಕೊಯ್ದರೆ 4 ಅಡಿ ಚೌಕದ ಎರಡು ತುಂಡು, ಎರಡು ಕಿಟಕಿಗೆ ಆಯಿತು. ಒಡೆದ ಕಿಟಕಿ ಬಾಗಿಲನ್ನು ಕೀಲಿನಿಂದ ಬಿಚ್ಚಿ ಒಳಗಿಡಿ. ಹಲಗೆಯನ್ನು ಹೊರಗಿನಿಂದ ಗೋಡೆಗೆ ಆನಿಸಿ ನಿಲ್ಲಿಸಿ. ಎರಡು ಪಕ್ಕದಲ್ಲೂ ಅರ್ಧರ್ಧ ಅಡಿ ಗೋಡೆಯ ಮೇಲೆ ಕೂರಲಿ. ಕೆಳಗೆ 4 ಅಂಗುಲ ಇಳಿಯಲಿ. ಆಗ ಮೇಲ್ಗಡೆ 4 ಅಂಗುಲ ತೆರೆದೇ ಉಳಿಯುತ್ತದೆ. ಅದು ಲೆಕ್ಕ ತಪ್ಪಿದ್ದಲ್ಲ, ಗಾಳಿಗೆ ಬಿಟ್ಟ ದಾರಿ. ಅಲ್ಲಿ ಸರಳೂ ಪರದೆಯೂ ಇದ್ದೇ ಇರುತ್ತವೆ.

ಒಳಮಗ್ಗುಲಿಗೆ 3 ಅಂಗುಲ ಅಗಲ, 2 ಅಂಗುಲ ದಪ್ಪದ ಎರಡು ಅಡ್ಡಪಟ್ಟಿಗಳನ್ನು ಇಡಿ. ಇವೂ 4 ಅಡಿ ಉದ್ದ ಇರಲಿ, ತುದಿಗಳು ಗೋಡೆಯ ಮೇಲೆ ಕೂರಲಿ. ಒಂದು ಮೇಲೆ, ಒಂದು ಕೆಳಗೆ. ಹಲಗೆಯಿಂದ ಸರಳುಗಳ ಸಂದಿನಲ್ಲಿ ಹಾಯಿಸಿ ಒಂದೊಂದು ಪಟ್ಟಿಗೆ ಎರಡೆರಡರಂತೆ ನಾಲ್ಕು ಬೋಲ್ಟು ಹಾಕಿ. ಉದ್ದ ಗೊತ್ತಾಗಬೇಕಾದರೆ ಹಲಗೆಯ ತೂತಿನಲ್ಲಿ ಒಂದು ಕಡ್ಡಿ ತೂರಿಸಿ ಒಳಪಟ್ಟಿಯ ಆಚೆಯವರೆಗೆ ಅಳೆಯಿರಿ. ಅದಕ್ಕೆ 1 ಅಂಗುಲ ಸೇರಿಸಿ. ಗೋಡೆ ದಪ್ಪವಿದ್ದರೆ ಉದ್ದನೆಯ ಮರೆಸುತ್ತಿನ ಕಂಬಿಯನ್ನು ಬೇಕಾದಷ್ಟಕ್ಕೆ ಕೊಯ್ಸಿಕೊಳ್ಳಿ, ಹೊರತುದಿಗೆ ಗುಂಡು ತಲೆ ಬೆಸುಗೆ ಹಾಕಿಸಿ. ಬೋಲ್ಟಿನ ಗುಂಡು ತಲೆ ಹೊರಗಿರಲಿ, ನಟ್ಟು ಒಳಗಿರಲಿ. ಹೊರಗಿನವನಿಗೆ ಬಿಚ್ಚಲು ಹಿಡಿತವೇ ಸಿಗುವುದಿಲ್ಲ. ನಿಮಗಾದರೋ ಒಳಗಿನಿಂದ ಐದು ನಿಮಿಷದ ಕೆಲಸ. ಬೋಲ್ಟು ಪರದೆಯನ್ನು ತೂರಿದ ಕಡೆ ನೂಲು ಸುತ್ತಿ ಸಂದು ಮುಚ್ಚಿ. ಹುಳು ಜ್ವರಕ್ಕೆ ಕೂತಿದ್ದರೆ ಅಲುಗಾಟ ಆಗದು. ಸುತ್ತಿಗೆಯ ಏಟಿಲ್ಲದ ಈ ವಿಧಾನ ಅದಕ್ಕೂ ಅನುಕೂಲ.

ಪ್ಲೈವುಡ್ಡಿಗೆ ದುಡ್ಡಿಲ್ಲದವರು ನೀಲಗಿರಿ ಸೀಳು, ಹಳೆಯ ಬಾಗಿಲು, ಬಿಗಿಯಾಗಿ ಹೆಣೆದ ಬಿದಿರು ತಟ್ಟಿಯನ್ನು ಇದೇ ರೀತಿ ಬಿಗಿಯಬಹುದು. ಆದರೆ ಎರಡು ಎಚ್ಚರಿಕೆ. ಸಾವನದುರ್ಗದ ಕಾಡು ಸರ್ಕಾರದ ಮೀಸಲು ಅರಣ್ಯ, ಅಲ್ಲಿಂದ ಗಳ ಕಡಿದು ತರಬೇಡಿ. ಕಿಡಿಗೇಡಿಯ ತಪ್ಪಿಗೆ ನೀವು ದಂಡ ಕಟ್ಟುವಂತಾದೀತು. ಇನ್ನೊಂದು, ಕೀಟನಾಶಕ ಇಟ್ಟಿದ್ದ ಹಲಗೆ, ಗೆದ್ದಲೆಣ್ಣೆ ಬಳಿದ ಮರ, ಹಸಿ ಬಣ್ಣ, ಔಷಧದ ಚೀಲ ಹುಳುಮನೆಯ ಹತ್ತಿರ ಸುಳಿಯಕೂಡದು. ರೇಷ್ಮೆ ಹುಳುವೂ ಕೀಟವೇ. ಬೇರೆ ಹುಳುವನ್ನು ಕೊಲ್ಲುವ ಮದ್ದು ಇದನ್ನೂ ಕೊಲ್ಲುತ್ತದೆ.

ಆರನೆಯದು, ಮಾಡು. ಸಿಮೆಂಟ್ ಶೀಟಿಗೆ ಕಲ್ಲು ಬಿದ್ದು ಒಡೆದಿದ್ದರೆ ಶೀಟಿನ ಮೇಲೆ ನೇರವಾಗಿ ಕಾಲಿಡಬೇಡಿ, ಮುರಿದು ಬೀಳುತ್ತೀರಿ. ಕೆಳಗಿನ ತೊಲೆಗಳಿಗೆ ಅಡ್ಡಲಾಗಿ ಹಲಗೆ ಹಾಸಿ ಅದರ ಮೇಲೆ ನಡೆಯಿರಿ. ಹಳೆಯ ಶೀಟಿನಲ್ಲಿ ಕಲ್ನಾರು ಇರುತ್ತದೆ. ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಚೂರುಗಳ ಮೇಲೆ ನೀರು ಚಿಮುಕಿಸಿ, ಮೂಗು ಬಾಯಿಗೆ ಬಟ್ಟೆ ಕಟ್ಟಿ, ಒಣಗಿದ್ದನ್ನು ಗುಡಿಸದೆ ಕೈಗವಸಿನಲ್ಲಿ ಆರಿಸಿ ತೆಗೆಯಿರಿ. ತೂತಿನ ಮೇಲೆ ಟಾರ್ಪಾಲು ಹೊದಿಸಿ. ಅದರ ಮೇಲೆ ಕಲ್ಲು ಹೇರಬೇಡಿ. ಮರಳು ತುಂಬಿದ ಎರಡು ಚೀಲಗಳನ್ನು ಒಂದೇ ಹಗ್ಗದ ಎರಡು ತುದಿಗೆ ಕಟ್ಟಿ ಮಾಡಿನ ಎರಡು ಮಗ್ಗುಲಿಗೂ ಜೋತುಬಿಡಿ. ಗಾಳಿಗೆ ಜಾರುವುದಿಲ್ಲ.

ಏಳನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಹೆದರಿಕೆಯಿಂದ ಇಡೀ ಹುಳುಮನೆಯನ್ನು ಡಬ್ಬಿಯಂತೆ ಮುಚ್ಚಿಬಿಡಬೇಡಿ. ಒಡೆದ ಕಿಟಕಿಗಳಿಗೆ ಮಾತ್ರ ಹಲಗೆ. ಉಳಿದವುಗಳ ಪರದೆಯನ್ನು ಸರಿಮಾಡಿ ಹಗಲು ತೆರೆದಿಡಿ. ಬೆಳೆದ ಹುಳುವಿಗೆ 24ರಿಂದ 25 ಡಿಗ್ರಿ ಉಷ್ಣತೆ, ನೂರಕ್ಕೆ 65ರಿಂದ 70ರಷ್ಟು ತೇವ ಹಿತ. ಗಾಳಿ ನಿಂತರೆ ಹಾಸು ಬೆವರುತ್ತದೆ, ರೋಗ ಹುಟ್ಟುತ್ತದೆ. ಚಳಿಗಾಲವೆಂದು ಇದ್ದಿಲ ಒಲೆ ಇಡುವವರು ಇನ್ನೂ ಹೆಚ್ಚು ಎಚ್ಚರ ವಹಿಸಬೇಕು. ಮುಚ್ಚಿದ ಮನೆಯಲ್ಲಿ ಇದ್ದಿಲು ಉರಿದರೆ ಬಣ್ಣವೂ ವಾಸನೆಯೂ ಇಲ್ಲದ ವಿಷಗಾಳಿ ತುಂಬುತ್ತದೆ. ಕಾವಲಿಗೆ ಒಳಗೆ ಮಲಗಿದವರು ಬೆಳಿಗ್ಗೆ ಏಳದೇ ಹೋಗಬಹುದು. ಹಲಗೆ ಹಾಕಿದ ಮನೆಯಲ್ಲಿ ಒಲೆ ಇಟ್ಟು ಮಲಗಲೇಬೇಡಿ. ಒಳಗಿನಿಂದ ಸುಲಭವಾಗಿ ತೆರೆಯುವ ಬಾಗಿಲು ಒಂದಾದರೂ ಇರಲಿ.

“ಬೇಲಿಗೆ ಕರೆಂಟು ಬಿಟ್ರೆ ಬುದ್ಧಿ ಕಲೀತಾರೆ ಬಿಡಿ” ಎನ್ನುವವರೂ ಇದ್ದಾರೆ. ಆ ಯೋಚನೆ ಬೇಡವೇ ಬೇಡ. ಕಾಡಿನಂಚಿನ ಊರು ನಮ್ಮದು. ಆ ತಂತಿಗೆ ಕಿಡಿಗೇಡಿಗಿಂತ ಮೊದಲು ಸಿಗುವುದು ನಿಮ್ಮ ಮನೆಯ ಮಗು, ನೆರೆಯವರ ಎತ್ತು, ಇಲ್ಲವೇ ಕಾಡುಪ್ರಾಣಿ. ಆಮೇಲೆ ಕೋರ್ಟಿನ ಕಟಕಟೆಯಲ್ಲಿ ನಿಲ್ಲುವವರು ನೀವೇ. ಒಂದು ದೀಪ, ಒಂದು ನಾಯಿ, ಸರದಿಯಂತೆ ಬಂದು ನೋಡುವ ಇಬ್ಬರು ನೆರೆಯವರು, ಇಷ್ಟಿದ್ದರೆ ಸಾಕು.

ಈ ಹಲಗೆ ಎಷ್ಟು ದಿನ ಇರಬೇಕು? ಹಣ್ಣಾದ ಹುಳು ಚಂದ್ರಿಕೆಗೆ ಹತ್ತಿ, ಗೂಡು ಕಟ್ಟಿ, ನೀವು ಗೂಡು ಬಿಡಿಸುವವರೆಗೆ ಇರಲಿ. ಅಷ್ಟರೊಳಗೆ ಗಾರೆ, ಬಣ್ಣ, ಬೆಸುಗೆ ಒಂದೂ ಬೇಡ. ಗೂಡು ಮಾರಿದ ಮೇಲೆ ಮನೆ ಹೇಗೂ ತೊಳೆದು ಸೋಂಕು ನಿವಾರಣೆ ಮಾಡುವುದಿದೆ. ಆ ಬಿಡುವಿನಲ್ಲೇ ಹಲಗೆ ಬಿಚ್ಚಿ ಕಾಯಂ ರಿಪೇರಿ ಮುಗಿಸಿ. ಗಾಜಿನ ಬದಲು ಗಟ್ಟಿ ಕಬ್ಬಿಣದ ಜಾಲರಿ ಹಾಕಿಸಿ, ಒಳಗೆ ಪರದೆ ಕಟ್ಟಿದರೆ ಮುಂದೆ ಕಲ್ಲಿಗೆ ಒಡೆಯುವ ಭಯವೇ ಇರುವುದಿಲ್ಲ. ಬಣ್ಣದ ವಾಸನೆ ಪೂರ್ತಿ ಹೋದ ಮೇಲೆಯೇ ಮುಂದಿನ ಚಾಕಿ ತನ್ನಿ. ಬಿಚ್ಚಿದ ಹಲಗೆ, ಪಟ್ಟಿ, ಬೋಲ್ಟುಗಳಿಗೆ ಕಿಟಕಿಯ ನಂಬರು ಬರೆದು ಒಣ ಜಾಗದಲ್ಲಿ ಎತ್ತಿಡಿ. ಬಿರುಗಾಳಿಗೆ ಕಿಟಕಿ ಕಿತ್ತುಹೋದರೂ ಅವು ಕೆಲಸಕ್ಕೆ ಬರುತ್ತವೆ.

ಬಾಂಧವರೇ, ಯಾರ ಮನೆಗೂ ಕಲ್ಲು ಬೀಳದಿರಲಿ. ಆದರೂ ಈ ಸಂಜೆ ನಿಮ್ಮ ಹುಳುಮನೆಯ ಕಿಟಕಿಗಳನ್ನು ಒಮ್ಮೆ ಅಳೆದು ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದಿಡಿ. ಪಕ್ಕದಲ್ಲೇ 112, 1912 ಎಂದೂ ಬರೆಯಿರಿ. ಅವಸರದ ಹೊತ್ತಿನಲ್ಲಿ ಅಳೆಯುವ ಕೆಲಸವಾದರೂ ಮುಗಿದಿರುತ್ತದೆ.

ನಿಮ್ಮ ಗೂಡಿಗೆ ಒಳ್ಳೆಯ ಬೆಲೆ ಸಿಗಲಿ.