ಅಳಿದ ಬರಹವನ್ನು ಮರಳಿ ಪಡೆಯುವ ಬಗೆ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನಮ್ಮ ಸಂಘದ ಹಳೆಯ ನಡಾವಳಿ ಪುಸ್ತಕಗಳನ್ನು ಗಣಕಯಂತ್ರಕ್ಕೆ ಏರಿಸುವ ಕಾರ್ಯವನ್ನು ನಾವು ಕೈಗೊಂಡಿರುವುದು ತಮಗೆ ತಿಳಿದೇ ಇದೆ. ಕಾಗದವನ್ನು ಗೆದ್ದಲು ತಿಂದು ಮುಗಿಸಲು ತಿಂಗಳುಗಳು ಬೇಕು. ಯಂತ್ರದೊಳಗಿನ ಬರಹ ಅಳಿಯಲು ಕ್ಷಣಮಾತ್ರ ಸಾಕು. ಆದಕಾರಣ ಅಳಿದುದನ್ನು ಮರಳಿ ಪಡೆಯುವ ಒಂದು ಉಪಾಯವನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇವೆ.

ಇದಕ್ಕೆ ಸ್ನ್ಯಾಪ್‌ಶಾಟ್ ಎಂದು ಹೆಸರು. ಹೆಸರು ಛಾಯಾಚಿತ್ರದ್ದಾದರೂ ಇದು ಚಿತ್ರವಲ್ಲ, ಪೂರ್ಣ ಪ್ರತಿಯೂ ಅಲ್ಲ. ಶಾನುಭೋಗರೊಬ್ಬರು ಲೆಕ್ಕದ ಪುಸ್ತಕದ ಯಾವ ಹಾಳೆಯನ್ನು ತಿದ್ದುವ ಮುನ್ನವೂ ಅದರ ನಕಲನ್ನು ಬೇರೊಂದು ಕಟ್ಟಿನಲ್ಲಿ ಇಡುವರೆಂದು ಭಾವಿಸಿರಿ. ತಿದ್ದದ ಹಾಳೆಗಳು ಪುಸ್ತಕದಲ್ಲಿ, ತಿದ್ದಿದವುಗಳ ಹಿಂದಿನ ರೂಪ ಕಟ್ಟಿನಲ್ಲಿ. ಎರಡನ್ನೂ ಕೂಡಿಸಿದರೆ ಅಂದಿನ ಪುಸ್ತಕವೇ ಕೈಗೆ ಬರುತ್ತದೆ. ಸ್ಥಳವೂ ಕಾಲವೂ ಉಳಿಯುತ್ತವೆ. ಆದರೆ ಪುಸ್ತಕವೇ ಸುಟ್ಟುಹೋದರೆ ಆ ಕಟ್ಟೊಂದರಿಂದ ಏನೂ ಆಗದು.

2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ ಇಂಜಿನಿಯರರೊಬ್ಬರು ಬೇರೆ ಯಂತ್ರವೆಂದು ಭ್ರಮಿಸಿ ಮುಖ್ಯ ಯಂತ್ರದ ದತ್ತಾಂಶವನ್ನೇ ಅಳಿಸತೊಡಗಿದರು. ಒಂದೆರಡು ಕ್ಷಣಗಳಲ್ಲಿ ತಪ್ಪನ್ನರಿತು ನಿಲ್ಲಿಸಿದರೂ, ಸುಮಾರು 300 ಗಿಗಾಬೈಟ್ ಹೋಗಿ ಉಳಿದುದು 4.5 ಮಾತ್ರ. ಪ್ರತಿದಿನ ಆಗುತ್ತಿದೆಯೆಂದು ನಂಬಿದ್ದ ಬ್ಯಾಕಪ್ಪು ಆಗುತ್ತಲೇ ಇರಲಿಲ್ಲ! ವಿಫಲವಾಯಿತೆಂದು ತಿಳಿಸುವ ಪತ್ರಗಳೂ ಯಾರನ್ನೂ ಮುಟ್ಟಿರಲಿಲ್ಲ.

ಅವರನ್ನು ಉಳಿಸಿದುದು ಆಕಸ್ಮಿಕ. ಸುಮಾರು ಆರು ಗಂಟೆಗಳ ಹಿಂದೆ ಅದೇ ಇಂಜಿನಿಯರರು ಮತ್ತಾವುದೋ ಪ್ರಯೋಗಕ್ಕಾಗಿ ಸ್ನ್ಯಾಪ್‌ಶಾಟ್ ತೆಗೆದು, ಅದನ್ನು ಪರೀಕ್ಷೆಯ ಯಂತ್ರಕ್ಕೆ ಸಾಗಿಸಿದ್ದರು. ಅಲ್ಲಿಂದ ಮರಳಿ ತರಲು, ಆ ಯಂತ್ರದ ಡಿಸ್ಕು ನಿಧಾನವಾದುದರಿಂದ, ಹಲವು ಗಂಟೆಗಳೇ ಹಿಡಿದುವು. ನಡುವಣ ಆರು ಗಂಟೆಗಳ ಬರಹ ಮಾತ್ರ ಬರಲಿಲ್ಲ: ಸುಮಾರು 5,000 ಟಿಪ್ಪಣಿಗಳು, 700 ಹೊಸ ಸದಸ್ಯರ ಖಾತೆಗಳು. ಹಿಂದಿನ ಸ್ಥಿತಿಗೆ ಹೋಗುವವರು ಅನಂತರದ ದುಡಿಮೆಯನ್ನು ಬಿಟ್ಟೇ ಹೋಗಬೇಕು. ಸಂಸ್ಥೆಯವರು ಈ ಪ್ರಮಾದವನ್ನು ಮುಚ್ಚಿಡದೆ ವಿವರವಾಗಿ ಪ್ರಕಟಿಸಿದುದು ನಮಗೆ ಬಹಳ ಮೆಚ್ಚಿಗೆಯಾಯಿತು.

ನಮ್ಮ ನಡಾವಳಿಗಳ ಒಂದು ಪ್ರತಿಯನ್ನು ಈಗ ಕಾರ್ಯದರ್ಶಿಗಳ ಮನೆಯಲ್ಲಿ ಬೇರೆ ಡಿಸ್ಕಿನಲ್ಲಿ ಇಟ್ಟಿದ್ದೇವೆ. ಅದನ್ನು ಇದುವರೆಗೆ ಯಾರೂ ತೆರೆದು ನೋಡಿಲ್ಲವೆಂದು ಒಪ್ಪಿಕೊಳ್ಳಲು ನಮಗೆ ಸಂಕೋಚವಾಗುತ್ತಿದೆ. ಬರುವ ಭಾನುವಾರ ತೆರೆದು, ಮೂಲ ಪುಸ್ತಕದೊಡನೆ ಪುಟಪುಟವಾಗಿ ಹೋಲಿಸುವವರಿದ್ದೇವೆ. ಓದಬಲ್ಲ ಮಕ್ಕಳನ್ನು ಕಳುಹಿಸಿಕೊಡಬೇಕೆಂದು ತಮ್ಮಲ್ಲಿ ಪ್ರಾರ್ಥನೆ.