ಹೈಫಾದಲ್ಲಿ ನಮ್ಮ ಸವಾರರು



ನಮ್ಮ ಆಲೂರು, ಸಕಲೇಶಪುರದ ಕಡೆ ವೀರಗಲ್ಲು ನೋಡಿದ್ದೀರಿ, ಅಲ್ವಾ? ಕಾಳಗದಲ್ಲಿ ಸತ್ತವರ ನೆನಪಿಗೆ ನೆಟ್ಟ ಕಲ್ಲು ಅದು. ನಮ್ಮ ದೇಶದವರ ನೆನಪಿನ ಕಲ್ಲು ಸಮುದ್ರದ ಆಚೆಗೂ ಇದೆ. ಇವತ್ತು ನಾವು ಹೇಳೋದು ಆ ಕಥೆ.

ಆಗ ನಮ್ಮದು ಮೈಸೂರು ಸೀಮೆ. ನಾಲ್ವಡಿ ಕೃಷ್ಣರಾಜ ಒಡೆಯರು ದೊರೆ. 1914ರಲ್ಲಿ ಮೊದಲನೇ ಮಹಾಯುದ್ಧ ಶುರುವಾಯ್ತು. ಮೈಸೂರಿನ ಕುದುರೆ ಪಡೆಯನ್ನು ಹಡಗಿನಲ್ಲಿ ಈಜಿಪ್ಟಿಗೆ ಕಳಿಸಿದರು. ಅದರ ಹೆಸರು ಮೈಸೂರು ಲ್ಯಾನ್ಸರ್ಸ್. ಲ್ಯಾನ್ಸ್ ಅಂದರೆ ಈಟಿ.

1918ರ ಸೆಪ್ಟೆಂಬರ್ 23. ಹೈಫಾ ಅನ್ನೋ ಬಂದರು ಊರು. ಈಗ ಅದು ಇಸ್ರೇಲ್ ದೇಶದಲ್ಲಿದೆ. ಆಗ ತುರ್ಕಿಯವರ ವಶದಲ್ಲಿತ್ತು. ಊರಿನ ಪಕ್ಕದಲ್ಲೇ ಕಾರ್ಮೆಲ್ ಬೆಟ್ಟ. ಬೆಟ್ಟದ ಮೇಲೆ ಫಿರಂಗಿಗಳು. ಮೈಸೂರಿನ ಸವಾರರ ಒಂದು ತಂಡ ಆ ಕಡಿದಾದ ಬೆಟ್ಟ ಹತ್ತಿತು. ಏರು ಹತ್ತೋ ಕಷ್ಟ ಮಲೆನಾಡಿನ ನಮಗಿಂತ ಯಾರಿಗೆ ಗೊತ್ತು? ಅವರು ಮೇಲಿನ ಫಿರಂಗಿಗಳನ್ನು ಹಿಡಿದರು. ಕೆಳಗೆ ಜೋಧಪುರದ ಸವಾರರು ಊರೊಳಗೆ ನುಗ್ಗಿದರು. ಅವರ ಮುಂದಾಳು ಮೇಜರ್ ದಳಪತ್ ಸಿಂಗ್ ಗುಂಡೇಟಿಗೆ ಸತ್ತರು. ಎದುರಿಗೆ ಮೆಷಿನ್ ಗನ್, ಇವರ ಕೈಲಿ ಈಟಿ. ಆದರೂ ಅದೇ ದಿನ ಹೈಫಾ ತುರ್ಕಿಯವರಿಂದ ಬಿಡುಗಡೆ ಆಯ್ತು.

ಹೈಫಾದಲ್ಲಿ ಭಾರತದ ಸೈನಿಕರ ಸಮಾಧಿ ಸ್ಥಳ ಇದೆ. ಸೆಪ್ಟೆಂಬರಿನಲ್ಲಿ ಅಲ್ಲಿ ಹೂವಿಟ್ಟು ಅವರನ್ನು ನೆನೀತಾರೆ. ದಿಲ್ಲಿಯ ತೀನ್ ಮೂರ್ತಿ ವೃತ್ತದಲ್ಲಿ ಮೂವರು ಸೈನಿಕರ ಪ್ರತಿಮೆಗಳಿವೆ. ಜೋಧಪುರ, ಹೈದರಾಬಾದು, ಮೈಸೂರು, ಒಂದೊಂದಕ್ಕೆ ಒಬ್ಬ. 2018ರಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರನ್ನೂ ಸೇರಿಸಿದರು.

ಒಂದು ಮಾತು ಯೋಚನೆ ಮಾಡಿ. ಬೇರೆಯವರ ಊರು ಬಿಡಿಸಿದ ನಮ್ಮವರಿಗೆ ಸ್ವಂತ ದೇಶದಲ್ಲಿ ಬಿಡುಗಡೆ ಇರಲಿಲ್ಲ. ನಮಗೆ ಸ್ವಾತಂತ್ರ್ಯ ಬಂದದ್ದು 1947ರಲ್ಲಿ. ಹೈಫಾದಲ್ಲೂ ತುರ್ಕಿಯವರು ಹೋಗಿ ಬ್ರಿಟಿಷರು ಕೂತರು. 1948ರವರೆಗೂ ಆಳಿದರು. ಯುದ್ಧ ಗೆದ್ದರೂ ಜನರಿಗೆ ಬಿಡುಗಡೆ ಸಿಗುತ್ತದೆ ಅನ್ನೋ ಹಾಗಿಲ್ಲ.

ಆ ಸವಾರರ ಮನೆಯಲ್ಲೂ ತಾಯಿ ಇದ್ದಳು, ಹೆಂಡತಿ ಇದ್ದಳು. ಆಗ ಓದು ಬಲ್ಲ ಹೆಂಗಸರು ಬಲು ಕಡಿಮೆ. ಓದು ಬಾರದವಳಿಗೆ ಗಂಡನ ಸುದ್ದಿ, ಮಗನ ಸಾವು, ಎಲ್ಲವೂ ಬೇರೆಯವರ ಬಾಯಿಂದಲೇ ತಿಳಿಯಬೇಕು. ಕಾಗದ ಕೈಲಿದ್ದರೂ ಅಕ್ಷರ ಅವಳದಲ್ಲ.

ಈಗ ಅಕ್ಷರ ನಿಮ್ಮದು. ಮನೆಗೆ ಬಂದ ಕಾಗದ ನೀವೇ ಓದಿ. ಪಿಂಚಣಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿ. ಓದಿ, ಕೇಳಿ, ಆಮೇಲೆ ಸಹಿ ಹಾಕಿ.

ನಿಮ್ಮ ಊರಿಂದ ಸೈನ್ಯಕ್ಕೆ ಹೋದವರು ಯಾರಾದರೂ ಇದ್ದಾರಾ? ಅವರ ಹೆಸರು, ಅವರ ತಾಯಿಯ ಹೆಸರು ಬರೆಯಿರಿ. ನಾಳೆ ಎಲ್ಲರೂ ಕೂತು ಗಟ್ಟಿಯಾಗಿ ಓದೋಣ.